ರತ್ನಾಬಾಯಿಯ ಊಟದ ಪಾಠ

೧೯೫೪ರ ಮಾತು. ಗ್ರಾಮಸೇವಿಕೆ ರತ್ನಾಬಾಯಿ ಶಹಾಬಾದಿನ ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದಳು. ದಿನಾ ಇಳಿಹೊತ್ತಿಗೆ ಕಾಲೆಳೆಯುತ್ತ ಫರಸಿಕಲ್ಲಿನ ಗಣಿಯ ಹತ್ತಿರದ ಶಾಲೆಗೆ ಹೋಗಿ ಹೆಂಗಸರಿಗೆ ಪಾಠ ಹೇಳುವಳು: ಏನು ತಿನ್ನಬೇಕು, ಬಸುರಿಯ ತೂಕ ಎಷ್ಟು ಏರಬೇಕು, ಮೈಗೆ ಯಾವ ಕಸರತ್ತು ಒಳ್ಳೆಯದು. ಕಸರತ್ತಂತೆ! ದಿನವಿಡೀ ಕಲ್ಲು ಹೊತ್ತವರಿಗೆ ಕೈ ಮೇಲೆತ್ತಿರಿ ಅನ್ನುವುದೇ? ಜೊತೆಗೆ ಹೋಗುತ್ತಿದ್ದ ನನಗೆ ಸಿಟ್ಟೇ ಬರುತ್ತಿತ್ತು. ಅವಳಿಗೂ ನಾಚಿಕೆಯಾಗಿ, ಎರಡನೇ ವಾರ ಸುಮ್ಮನೆ ಕಾಲು ನೀಡಿ ಕೂಡಿರಿ ಅಂದಳು. ಅರ್ಧ ಮಂದಿ ಕೂತಲ್ಲೇ ನಿದ್ದೆಹೋದರು.

ಅವಳ ಜೀವವೆಲ್ಲ ಪಾಠಕ್ಕೆ ಬರುತ್ತಿದ್ದ ಸೈದಾನಬಿಯ ಮೇಲಿತ್ತು. ಏಳು ತಿಂಗಳ ಬಸುರಿ. ಹೊಟ್ಟೆ ಬಿಟ್ಟರೆ ಮೈಯೆಲ್ಲ ಎಲುಬು. ಗಂಡನಿಗೆ, ಅತ್ತೆಗೆ ಬಡಿಸಿ ಉಳಿದರೆ ತಾನು ಉಣ್ಣುವವಳು. ಸರಕಾರದ ಹಾಲಿನ ಪುಡಿ ಯಾವ ಊರಿಗೆ ಕೊಡಬೇಕೆಂದು ನೋಡಲು ಸಾಹೇಬರು ಬರುವವರಿದ್ದರು. ಹಿಂದಿನ ದಿನವೇ ರತ್ನಾಬಾಯಿ ಅವಳ ಕೈ ಹಿಡಿದು ಹೇಳಿದಳು: "ಕೇಳಿದ್ರ ಖರೇ ಹೇಳವ್ವ. ಇಲ್ಲಂದ್ರ ಪುಡಿ ಬ್ಯಾರೆ ಊರಿಗಿ ಹೋಗ್ತದ."

"ಹೇಳ್ತೀನ್ರಿ, ಬಾಯೇರ."

ಸಾಹೇಬರು ಬಂದರು, ಚಹಾ ಕುಡಿದರು. ಅವರನ್ನು ನೋಡಲು ಗಂಡಸರೂ ಶಾಲೆಯ ಬಾಗಿಲಲ್ಲಿ ಬಂದು ನಿಂತರು.

"ಇವತ್ತ ಏನ್ ಉಂಡೀರಿ?" ಎಂದು ಸಾಹೇಬರು ಕೇಳಿದರು.

"ರೊಟ್ಟಿ, ಬ್ಯಾಳಿ, ತುಪ್ಪ," ಅಂದಳು ಮುಂದೆ ಕೂತಿದ್ದ ಚಂದಮ್ಮ. ತುಪ್ಪ! ಆಕೆಯ ಮನೆಯಲ್ಲಿ ಒಗ್ಗರಣೆಯ ಎಣ್ಣೆಗೂ ಗತಿಯಿರಲಿಲ್ಲ.

ಸೈದಾನಬಿ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು. "ಹೊಟ್ಟಿ ತುಂಬ ಉಂಡೀನ್ರಿ. ಹಾಲೂ ಕುಡದೀನಿ."

ಸಾಹೇಬರು ರತ್ನಾಬಾಯಿಯತ್ತ ತಿರುಗಿದರು. "ಹೌದೇನ್ರಿ?"

ಅವಳು ಬಾಗಿಲ ಕಡೆ ನೋಡಿದಳು. ಆಮೇಲೆ, "ಹೌದ್ರಿ," ಅಂದಳು.

"ಶಾಬಾಸ್! ಭಾಳ ಛಲೋ ಕಲಿಸೀರಿ." ಪುಡಿಯನ್ನು ಕುಂಚಾವರಂ ಕಡೆಗೆ ಕಳಿಸುವುದಾಗಿ ಹೇಳಿ ಸಾಹೇಬರು ಜೀಪು ಹತ್ತಿದರು.

ಗಂಡಸರು ಚದುರಿದ ಮೇಲೆ ರತ್ನಾಬಾಯಿ ರೇಗಿಬಿಟ್ಟಳು. "ಯಾಕ ಸುಳ್ಳ ಹೇಳ್ದಿ? ಹೊಟ್ಯಾಗಿನ ಕೂಸಿಂದರ ಖಬರ್ ಅದ ಏನ್ ನಿನಗ?"

"ಬಾಗಲದಾಗ ನನ್ನ ಗಂಡ ನಿಂತಿದ್ದ್ರಿ," ಅಂದಳು ಸೈದಾನಬಿ. ಅವಳ ಕಣ್ಣು ತುಂಬಿದ್ದವು. "ದಿನಾ ಸಾಯೂತನ ಕಲ್ಲ ಒಡೀತಾನ. ಅವನ ಮುಂದ, ನಾಲ್ಕ ಮಂದಿಯೊಳಗ, ನಾ ಉಪಾಸ ಅದೀನಿ ಅಂತ ಹ್ಯಾಂಗ ಹೇಳ್ಲಿ? ನೀವರ ಹೇಳ್ತೀರಿ ಅನಕೊಂಡಿದ್ದೆ, ಬಾಯೇರ. ನೀವೂ ಹೌದ ಅಂದ್ರಿ."

ರತ್ನಾಬಾಯಿಯ ಸಿಟ್ಟೆಲ್ಲ ಇಳಿದುಹೋಯಿತು. ಗೋಡೆಗೆ ಒರಗಿ ಕೂತಳು.

"ನಾನೂ ಅವನ ಮಾರಿ ನೋಡ್ದೆನವ್ವ," ಅಂದಳು.