ಮೂರ್ಛೆ ಬಾರದ ಹತ್ತು ವರ್ಷ

ನನ್ನ ಮಗಳಿಗೆ ಡಿಪೋದವರು ಇಟ್ಟ ಹೆಸರು ‘ಹಾರ್ನ್’. ಮೂರು ವರ್ಷದವಳಿದ್ದಾಗಲೇ ನಾನು ಓಡಿಸುವ ಬಸ್ಸಿನ ಸದ್ದು ಕೇಳಿದರೆ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದಳು. ಮುಂದೆ ಏನಾಗುತ್ತೀ ಎಂದು ಯಾರು ಕೇಳಿದರೂ ಬಸ್ ಡ್ರೈವರ್ ಎನ್ನುತ್ತಿದ್ದಳು.

ಏಳನೇ ವಯಸ್ಸಿಗೆ ಮೂರ್ಛೆರೋಗ ಗಂಟುಬಿತ್ತು. ಆಮೇಲೆ ಅವಳಿಗೆ ಸೈಕಲ್ ಇಲ್ಲ, ಈಜು ಇಲ್ಲ, ಬಚ್ಚಲಿಗೆ ಚಿಲಕವಿಲ್ಲ. ಒಲೆಯ ಹತ್ತಿರ ಸುಳಿದರೆ ಅವಳಮ್ಮನ ಜೀವ ಬಾಯಿಗೆ ಬರುತ್ತಿತ್ತು. ಹನ್ನೆರಡರಲ್ಲಿ ಒಮ್ಮೆ ನನ್ನ ಬಸ್ಸಿನಲ್ಲೇ, ನನ್ನ ಸೀಟಿನ ಹಿಂದೆಯೇ ಬಿದ್ದಳು. ಅವತ್ತು ನಾನೇ ಹೇಳಿದೆ, ಸ್ಟೀರಿಂಗ್ ಆಸೆ ಇಲ್ಲಿಗೆ ಬಿಟ್ಟುಬಿಡು ಎಂದು. ಅಳುತ್ತಾಳೆ ಅಂದುಕೊಂಡಿದ್ದೆ. ಹೂಂ ಅಂದಳು, ಅಷ್ಟೇ.

ಕೆಲಸ ಹುಡುಕುವಾಗಲೂ ಅದೇ ಲೆಕ್ಕಾಚಾರ: ಎತ್ತರ ಇರಬಾರದು, ಬೆಂಕಿ ಇರಬಾರದು, ತಿರುಗುವ ಯಂತ್ರ ಇರಬಾರದು. ಅಳೆದೂ ಸುರಿದೂ ಕೊನೆಗೆ ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕು ಹಿಡಿದು ಬಸ್ಸುಗಳ ಸಮಯ ಕೂಗುವುದಕ್ಕೆ ಸೇರಿದಳು. ಅಲ್ಲಿನ ಮೇಜಿನ ಮೂಲೆಗಳನ್ನು ನಾನೇ ಹೋಗಿ ಉಜ್ಜಿ ದುಂಡಗೆ ಮಾಡಿಬಂದೆ. ಹಾರ್ನ್‌ಗೆ ತಕ್ಕ ಕೆಲಸ ಸಿಕ್ಕಿತು ಬಿಡು ಎಂದು ಡಿಪೋದವರು ನಕ್ಕರು. ನನಗೆ ಮೈ ಉರಿಯಿತು. ಅವಳೂ ಅವರ ಜೊತೆ ನಕ್ಕಳು.

ಹೋದ ತಿಂಗಳು ಡಾಕ್ಟರು, ಮಾತ್ರೆ ಬಿಟ್ಟು ಹತ್ತು ವರ್ಷವಾಯಿತು, ಒಮ್ಮೆಯೂ ಮೂರ್ಛೆ ಬಂದಿಲ್ಲ, ಇನ್ನು ಬಸ್ ಓಡಿಸಲು ಅಡ್ಡಿಯಿಲ್ಲ ಎಂದು ಪತ್ರ ಬರೆದುಕೊಟ್ಟರು. ಡ್ರೈವರ್ ತರಬೇತಿಗೆ ಡಿಪೋದಲ್ಲಿ ಅರ್ಜಿ ಕರೆದಿದ್ದರು. ನಾನೇ ಓಡಿಹೋಗಿ ಫಾರಂ ತಂದೆ. ಸಹಿ ಹಾಕುವ ಮೊದಲು ಒಂದು ಸಲ ಕೂತು ನೋಡು ಎಂದು ರಜೆಯ ದಿನ ಡಿಪೋ ಮೈದಾನಕ್ಕೆ ಕರೆದುಕೊಂಡು ಹೋದೆ.

ಅವಳು ಸೀಟು ಮುಂದೆ ಎಳೆದುಕೊಂಡಳು. ನಾನು ಪಕ್ಕದಲ್ಲಿ, ತುಸು ಹಿಂದಕ್ಕೆ ನಿಂತೆ. ಕನ್ನಡಿ ಸರಿಮಾಡಿಕೊಂಡಳು. ಕೀಲಿ ತಿರುಗಿಸಿದಳು, ಎಂಜಿನ್ ಹಿಡಿಯಿತು. ಗೇರ್ ಹಾಕಿ ಕನ್ನಡಿ ನೋಡಿದಳು.

“ಅಪ್ಪ, ಕೈ ತೆಗಿ.”

ನೋಡಿದರೆ ನನ್ನ ಕೈ ಹ್ಯಾಂಡ್‌ಬ್ರೇಕಿನ ಮೇಲಿತ್ತು. ಯಾವಾಗ ಇಟ್ಟೆನೋ ಗೊತ್ತಿಲ್ಲ. ತೆಗೆಯುತ್ತೇನೆ ಅಂದೆ. ತೆಗೆಯಲಿಲ್ಲ.

ಅವಳು ಕಾದಳು. ಆಮೇಲೆ ಎಂಜಿನ್ ಆರಿಸಿದಳು. ಸಿಟ್ಟೂ ಇಲ್ಲ, ಬೇಜಾರೂ ಇಲ್ಲ. ಬಸ್ಸಿನ ಸಮಯ ಹೇಳುವ ಅದೇ ದನಿಯಲ್ಲಿ, ಇದು ಬೇಡ ಬಿಡು ಅಂದಳು. ದೇವರಾಣೆಗೂ ಹೇಳುತ್ತೇನೆ, ಆ ಗಳಿಗೆ ನನಗೆ ದುಃಖವಾಗಲಿಲ್ಲ, ನಿರಾಳವಾಯಿತು. ಅದು ಕನ್ನಡಿಯಲ್ಲಿ ಅವಳಿಗೆ ಕಂಡಿರಬೇಕು.

“ಅಮ್ಮ ಕೇಳಿದ್ರೆ, ನಾನೇ ಬೇಡ ಅಂದೆ ಅಂತ ಹೇಳು,” ಎಂದು ಇಳಿದುಹೋದಳು.