ಚಟ್ನಿಗೆ ಕಾವಲು ಕೂತ ಶುಂಠಿ

ಹೊಸ ವಿಷಯವೊಂದು ತಿಳಿದರೆ ಅದನ್ನು ಯಾರ ಮೇಲಾದರೂ ಪ್ರಯೋಗಿಸುವವರೆಗೆ ನನಗೆ ಸಮಾಧಾನವಿಲ್ಲ. ಈಚೆಗೆ ನನ್ನನ್ನು ಹಿಡಿದುಕೊಂಡದ್ದು ಗಿಡಮೂಲಿಕೆಗಳ ರಸ. ಆಹಾರ ಕೆಡಿಸುವ ಬ್ಯಾಕ್ಟೀರಿಯಾವನ್ನು ಅದು ತಡೆಯುತ್ತದಂತೆ! ಲವಂಗ, ಶುಂಠಿ, ಬೆಳ್ಳುಳ್ಳಿ, ವೀಳ್ಯದೆಲೆ! ಓದುತ್ತಾ ಓದುತ್ತಾ ಕುರ್ಚಿಯಿಂದ ಎದ್ದೇಬಿಟ್ಟೆ. ಅಮ್ಮ ಬೆಣ್ಣೆ ಕಾಯಿಸುವಾಗ ವೀಳ್ಯದೆಲೆ ಹಾಕುತ್ತಿದ್ದಳು, ಉಪ್ಪಿನಕಾಯಿ ಜಾಡಿಗೆ ಇಂಗಿನ ಹೊಗೆ ಹಿಡಿಯುತ್ತಿದ್ದಳು. ಎಲ್ಲ ಘಮಕ್ಕೆ ಎಂದುಕೊಂಡಿದ್ದೆ. ನಮ್ಮ ಅಡುಗೆಮನೆಯಲ್ಲಿ ಅಷ್ಟು ದೊಡ್ಡ ಯುದ್ಧ ನಡೆಯುತ್ತಿತ್ತೆಂದು ಯಾರಿಗೆ ಗೊತ್ತಿತ್ತು!

ಅದೇ ಹೊತ್ತಿಗೆ ಹಿರೀಸಾವೆಯಿಂದ ಅಕ್ಕನ ಫೋನು ಬಂತು. ಹೆದ್ದಾರಿ ಪಕ್ಕ ಅವಳದೊಂದು ಪುಟ್ಟ ಹೋಟೆಲು. ಇಡ್ಲಿಗಿಂತ ಕಾಯಿ ಚಟ್ನಿಗೇ ಹೆಸರು. ಆದರೆ ಬೇಸಿಗೆಯಲ್ಲಿ ಬೆಳಿಗ್ಗೆ ರುಬ್ಬಿದ್ದು ಹನ್ನೊಂದರೊಳಗೆ ಹುಳಿ. ಒಲೆ, ಗಲ್ಲಾ ಎರಡನ್ನೂ ಒಬ್ಬಳೇ ನೋಡುವವಳಿಗೆ ಮತ್ತೆ ರುಬ್ಬಲು ಬಿಡುವಿಲ್ಲ. ಅಂದು ಬಸ್ಸಿನವರೊಬ್ಬರು ಮೂಸಿ ನೋಡಿ ತಟ್ಟೆ ತಳ್ಳಿ ಎದ್ದಿದ್ದರು.

"ಅಳಸೈತೆ ಅಂದ್ಬುಟ್ರು ಕಣ್ಲಾ, ಎಲ್ರ ಮುಂದೆ. ಕಾಯ್ ಚಟ್ನಿ ನಿಲ್ಲಿಸ್ಬುಡ್ತೀನಿ. ಇನ್ಮ್ಯಾಕೆ ಚಟ್ನಿಪುಡಿನೇಯ."

ನನಗೂ ಸಂಕಟವಾಯಿತು. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಕಾಯಿ ಚಟ್ನಿ ಇಲ್ಲದ ಹೋಟೆಲೆಂದರೆ ತೆಂಗಿನ ಮರಗಳು ಏನೆಂದುಕೊಂಡಾವು? ಹೊಲಹೊಲದಲ್ಲೂ ಶುಂಠಿ ಬೆಳೆಯುವ ಅರಕಲಗೂಡಿನಲ್ಲಿರುವ ನನಗೆ ಅದಕ್ಕೇನು ಬರವೇ? ಶುಂಠಿ, ಲವಂಗ, ಬೆಳ್ಳುಳ್ಳಿ, ವೀಳ್ಯದೆಲೆ, ಇರಲಿ ಎಂದು ಒಂದು ಹಿಡಿ ಬೇವಿನೆಲೆ, ಎಲ್ಲ ಕುದಿಸಿ, ಬತ್ತಿಸಿ, ಸೋಸಿ ಬಾಟಲಿಗೆ ತುಂಬಿ ಮರುದಿನ ಮೊದಲ ಬಸ್ಸು ಹತ್ತಿದೆ. ತುಪ್ಪವನ್ನು ಉಳಿಸುವ ಎಲೆ ಚಟ್ನಿಯನ್ನು ಉಳಿಸದೇ ಎಂಬುದು ನನ್ನ ತರ್ಕ.

ಸಂಜೆಯಾದರೂ ನನ್ನ ರಸ ಬೆರೆಸಿದ ಚಟ್ನಿ ಕೆಡಲಿಲ್ಲ! ನಾನು ಕುಣಿದಾಡಿದೆ. ಅಕ್ಕ ಪಾತ್ರೆಯನ್ನೇ ತಂದು ಮುಂದಿಟ್ಟಳು. ತುಂಬಿದ್ದು ತುಂಬಿದ ಹಾಗೇ ಇತ್ತು. ಬ್ಯಾಕ್ಟೀರಿಯಾದ ಜೊತೆಗೆ ಗಿರಾಕಿಗಳೂ ಹತ್ತಿರ ಸುಳಿದಿರಲಿಲ್ಲ.

"ಇದೇನ್ಲಾ, ಕಸಾಯ್ದೊಳೀಕೆ ಕಾಯ್ ತುರ್ದಂಗೈತೆ!"

ಒಂದು ಚಮಚ ಬಾಯಿಗಿಟ್ಟೆ. ಅವಳು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ.

ಆದರೆ ನನ್ನ ಉತ್ಸಾಹ ಅಷ್ಟಕ್ಕೆ ಅಡಗುವಂಥದ್ದಲ್ಲ. ಅಲ್ಲೇ ಉಳಿದೆ. ಇಬ್ಬರೂ ಕೂತು ತಿದ್ದಿದೆವು. ಬೇವನ್ನು ಬೇಲಿಯಾಚೆ ಎಸೆದೆವು, ವೀಳ್ಯದೆಲೆಯನ್ನು ಊಟದ ನಂತರಕ್ಕೆ ಎತ್ತಿಟ್ಟೆವು. ರುಬ್ಬುವಾಗ ಒಂದಿಷ್ಟು ಶುಂಠಿ ರಸ, ಒಗ್ಗರಣೆಗೆ ಒಂದೆರಡು ಲವಂಗ, ಅಷ್ಟೇ. ಬೆಳಿಗ್ಗೆ ನೆಕ್ಕಿ ನೋಡಿದ ಅಕ್ಕನ ಹುಬ್ಬು ಮೇಲೇರಿತು.

ಇನ್ನೇನು, ಹನ್ನೊಂದು ಗಂಟೆ ದಾಟಿದರೆ ಗೆದ್ದಂತೆ. ಪಾತ್ರೆಯ ಪಕ್ಕದಲ್ಲೇ ಕೂತೆ. ಆದರೆ ಬಂದವರೆಲ್ಲ ಇನ್ನೊಂದು ಸೌಟು, ಮತ್ತೊಂದು ಸೌಟು ಎನ್ನತೊಡಗಿದರು. ಹತ್ತಕ್ಕೆಲ್ಲ ತಳ ಕಾಣುವ ಹಾಗಾಯಿತು.

"ಒಂದ್ ಸೌಟು ಎತ್ತಿಡಕ್ಕಯ್ಯ, ಕೆಡ್ತದೋ ಇಲ್ವೋ ನೋಡ್ಬೇಕು," ಎಂದು ಅಂಗಲಾಚಿದೆ.

ಅಷ್ಟರಲ್ಲಿ ಬಸ್ಸಿಳಿದು ಬಂದ ಅಜ್ಜಿಯೊಬ್ಬರು ತಟ್ಟೆ ಚಾಚಿದರು. ಅಕ್ಕ ಉಳಿದದ್ದನ್ನೆಲ್ಲ ಬಳಿದು ಬಡಿಸಿಬಿಟ್ಟಳು.

"ಕೆಡ್ತದಾ ಅಂತ ನೋಡಾಕೆ, ಅಸ್ದು ಬಂದೋರ್ಗೆ ಇಲ್ಲ ಅನ್ನಕಾಯ್ತದೇನ್ಲಾ? ಓಗು, ಗಲ್ಲಾ ನೋಡ್ಕೊ. ಇನ್ನೊಂದೊಬ್ಬೆ ರುಬ್ಕತೀನಿ."

ಅಂದಿನಿಂದ ಬಿಡುವಿದ್ದಾಗಲೆಲ್ಲ ನಾನು ಹಿರೀಸಾವೆಯ ಗಲ್ಲಾದ ಮೇಲೆ. ಚಟ್ನಿಪುಡಿಯ ಡಬ್ಬಿಯನ್ನು ಇನ್ನೂ ತೆರೆದಿಲ್ಲ. ಶುಂಠಿ ರಸ ಚಟ್ನಿಯನ್ನು ಮಧ್ಯಾಹ್ನದವರೆಗೆ ಕಾಯುತ್ತದೆಯೇ ಎಂದು ನೀವು ಕೇಳಬಹುದು. ದೇವರಾಣೆಗೂ ನನಗೆ ಗೊತ್ತಿಲ್ಲ. ಪರೀಕ್ಷೆಗೆ ಒಂದು ಸೌಟಾದರೂ ಉಳಿಯಬೇಕಲ್ಲ, ಅಕ್ಕ ಉಳಿಸುವವಳಲ್ಲ.