ನಾಲ್ಕು ಅಳತೆ ಗುಂಡಿಗೆ ಒಬ್ಬರೇ ಅತ್ತೆ

ಬೆಳಗಿನ ಐದೂ ಮುಕ್ಕಾಲು. ರೈಫಲ್ ಕ್ಲಬ್ಬಿನ ಉಗ್ರಾಣದ ಕಬ್ಬಿಣದ ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ಕೋಚ್ ಹತ್ತಿರ, ಇನ್ನೊಂದು ಅತ್ತೆಯ ಕೊರಳಿನ ದಾರದಲ್ಲಿ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಕೋಚ್ ಇನ್ನೂ ಆಕಳಿಸುತ್ತ ಸೈಕಲ್ ನಿಲ್ಲಿಸುತ್ತಿದ್ದರೆ ಅತ್ತೆ ಆಗಲೇ ಮೆಟ್ಟಿಲು ಗುಡಿಸಿ ಮುಗಿಸಿದ್ದಾರೆ. ಒಳಗೆ ಹೋದವರೇ ದೀಪ ಹಾಕಿ, ಕಪಾಟಿನಿಂದ ಒಂದು ಗುಂಡಿನ ಡಬ್ಬಿ ತೆಗೆದು ಅಂಗೈಯಲ್ಲಿ ಎರಡು ಸಲ ತೂಗಿ ನೋಡುತ್ತಾರೆ. "ಇದರಲ್ಲಿ ಒಂದು ಕಡಿಮೆ ಇದೆ" ಅನ್ನುತ್ತಾರೆ. ನಾನು ಎಣಿಸುತ್ತೇನೆ. ಐವತ್ತು ಇರಬೇಕಾದಲ್ಲಿ ನಲವತ್ತೊಂಬತ್ತು! ನನ್ನ ಬಾಯಿ ತೆರೆದಿದ್ದನ್ನು ನೋಡಿ ಅವರು ನಗುತ್ತಾರೆ. "ನಿನ್ನೆ ಸಂಜೆ ನಾನೇ ಒಂದು ತೆಗೆದಿಟ್ಟಿದ್ದೆ. ಪೇಪರಿನೋರು ಬರ್ತಾರೆ ಅಂದ್ರಲ್ಲ, ಸ್ವಲ್ಪ ತಮಾಷೆ ಇರಲಿ ಅಂತ."

ಐವತ್ತೆಂಟು ವರ್ಷದ ಈ ಉಗ್ರಾಣ ಪಾಲಕಿಗೆ ಕ್ಲಬ್ಬಿನಲ್ಲಿ ಬೇರೆ ಹೆಸರಿಲ್ಲ. ಗುರಿಕಾರರಿಗೂ ಅತ್ತೆ, ತೋಟದವನಿಗೂ ಅತ್ತೆ, ಅವರಿಗಿಂತ ಎಂಟು ವರ್ಷ ದೊಡ್ಡವರಾದ ಅಧ್ಯಕ್ಷರಿಗೂ ಅತ್ತೆ. ಒಬ್ಬಳು ಮಾತ್ರ ಹಾಗೆ ಕರೆಯುವುದಿಲ್ಲ, ಅದು ಅವರ ಸೊಸೆ. "ಊರಿಗೆಲ್ಲ ಅತ್ತೆ ಆಗಿದ್ದಾರಲ್ಲ, ನಾನು ಅಮ್ಮ ಅಂತೀನಿ. ಆದ್ರೆ ಒಂದು ಕಷ್ಟ ಇದೆ. ಊಟ ಆದ ಮೇಲೆ ಮನೇಲೂ ಚಮಚ ಎಣಿಸ್ತಾರೆ" ಎಂದು ಸೊಸೆ ಅತ್ತೆಯ ಎದುರೇ ದೂರುತ್ತಾಳೆ. ಅತ್ತೆಗೆ ಎಡಗಿವಿ ಸ್ವಲ್ಪ ಮಂದ. ಇಂಥ ದೂರುಗಳು ಬರುವಾಗ ಆ ಕಿವಿಯನ್ನೇ ಮುಂದೆ ಮಾಡುತ್ತಾರೆ.

ಈ ಉಗ್ರಾಣದಲ್ಲಿ ನಾಲ್ಕು ಅಳತೆಯ ರೈಫಲ್ ಗುಂಡುಗಳಿವೆ. ನನಗೋ ಗುಂಡೆಂದರೆ ಗುಂಡು, ಸದ್ದೆಂದರೆ ಸದ್ದು. ಪಟಾಕಿಗೂ ಕಿವಿ ಮುಚ್ಚುವ ಜಾತಿ ನಾನು. ಅತ್ತೆ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಮಗುವಿಗೆ ಅಕ್ಷರ ಕಲಿಸುವ ತಾಳ್ಮೆಯಿಂದ ಪಾಠ ಶುರು ಮಾಡುತ್ತಾರೆ.

"ಇದು ಪಾಯಿಂಟ್ ಟೂ ಟೂ. ಇದು ಐದು ಐವತ್ತಾರು. ಹೇಳಿ ನೋಡೋಣ, ಯಾವುದು ದಪ್ಪ?"

ಎರಡನೆಯದು ಬೆರಳುದ್ದ ಇದೆ, ಮೊದಲನೆಯದು ಉಗುರಿಗಿಂತ ಸ್ವಲ್ಪ ದೊಡ್ಡದು. ಎರಡನೆಯದೇ ಅನ್ನುತ್ತೇನೆ.

"ತಪ್ಪು. ತುದೀಲಿರೋ ಸೀಸದ ಸೊಂಟ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಒಂದನ್ನ ಇಂಚಲ್ಲಿ ಹೇಳ್ತಾರೆ, ಒಂದನ್ನ ಮಿಲಿಮೀಟರಲ್ಲಿ, ಅಷ್ಟೇ. ವ್ಯತ್ಯಾಸ ಇರೋದು ಹಿಂದೆ ಕಟ್ಟಿರೋ ಬುತ್ತೀಲಿ. ಇದಕ್ಕೆ ಒಂದು ಚಿಟಿಕೆ ಮದ್ದು, ಇದಕ್ಕೆ ಹೊಟ್ಟೆ ತುಂಬಾ ಮದ್ದು. ಅದಕ್ಕೇ ಇದು ಮೂರು ಪಟ್ಟು ವೇಗ. ಸೊಂಟ ನೋಡಿ ಶಕ್ತಿ ಹೇಳಬಾರದು."

ಆಮೇಲಿನ ಪಾಠವೂ ಹೀಗೆಯೇ. ಪುಟಾಣಿ ಟೂ ಟೂ ಐವತ್ತು ಮೀಟರಿಗೆ ಹೇಳಿ ಮಾಡಿಸಿದ್ದು. ಹಾರಿಸಿದಾಗ ಭುಜಕ್ಕೆ ಒದೆಯುವುದಿಲ್ಲ, ಕಿರುಚುವುದಿಲ್ಲ, ಅದರ ನಳಿಗೆ ತಲೆಮಾರು ಬಾಳುತ್ತದೆ. ಆದರೆ ದೂರ ಹೋದರೆ ಗಾಳಿ ತಳ್ಳಿದತ್ತ ತಿರುಗುತ್ತದೆ, ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೇಸಿಗೆ ಮತ್ತೆ ಮದ್ದು ತುಂಬಲು ಬರುವುದಿಲ್ಲ. ಐದು ಐವತ್ತಾರು ಮುನ್ನೂರು ಮೀಟರಿನ ತನಕ ಗೆರೆ ಎಳೆದಂತೆ ಹೋಗುತ್ತದೆ, ಹೊರಲು ಹಗುರ, ಆದರೆ ತೂಕ ಕಡಿಮೆಯಾದ್ದರಿಂದ ಇನ್ನೂ ಆಚೆ ಗಾಳಿಗೆ ಸೋಲುತ್ತದೆ. ಮೂರನೆಯದಾದ ಏಳು ಅರವತ್ತೆರಡು ಗಾಳಿಗೆ ಬಗ್ಗುವುದು ಕಡಿಮೆ, ದೂರದಲ್ಲೂ ಹೊಡೆತ ಗಟ್ಟಿ, ಆದರೆ ಒದೆ ಜೋರು. ತೂಕದಲ್ಲಿ ಅದರ ಒಂದು ಗುಂಡಿಗೆ ಏಳು ಟೂ ಟೂ ಸಮ. ನಾಲ್ಕನೆಯದು ಆರೂವರೆ. ಉದ್ದ, ತೆಳು, ಚೂಪು ಮೂಗು. ಗಾಳಿಯನ್ನು ಎಲ್ಲಕ್ಕಿಂತ ಚೆನ್ನಾಗಿ ಸೀಳುತ್ತದೆ, ಒದೆಯೂ ಏಳು ಅರವತ್ತೆರಡಕ್ಕಿಂತ ಕಡಿಮೆ.

"ಹಾಗಾದ್ರೆ ಆರೂವರೆಯೇ ಎಲ್ಲಕ್ಕಿಂತ ಒಳ್ಳೇದು ಅಲ್ವಾ?" ಎಂದು ನಾನು ಜಾಣತನ ತೋರಿಸುತ್ತೇನೆ.

"ನಳಿಗೆ ತಿನ್ನುತ್ತಲ್ಲ! ಮೂರು ಸಾವಿರ ಹೊಡೆಯೋ ಹೊತ್ತಿಗೆ ನಳಿಗೆ ಸವೆದಿರುತ್ತೆ. ಏಳು ಅರವತ್ತೆರಡು ಅದರ ಎರಡರಷ್ಟು ಬಾಳುತ್ತೆ. ಎಲ್ಲಾ ಗುಣ ಒಂದರಲ್ಲೇ ಇದ್ದಿದ್ರೆ ನನಗೆ ಈ ಕಪಾಟು ಯಾಕೆ ಬೇಕಿತ್ತು?"

ಇಷ್ಟು ಹೇಳಿ ಅವರು ಬಾಗಿಲ ಪಕ್ಕದ ಸೂಚನಾ ಫಲಕದತ್ತ ಕೈ ತೋರಿಸುತ್ತಾರೆ. ಅಲ್ಲಿ ಅಧ್ಯಕ್ಷರ ಸಹಿಯಿರುವ ಹಾಳೆ: ಭಾನುವಾರ ಸಮಿತಿ ಸಭೆ. ವಿಷಯ, ಇಡೀ ಕ್ಲಬ್ಬಿಗೆ ಇನ್ನು ಮುಂದೆ ಏಳು ಅರವತ್ತೆರಡು ಒಂದೇ ಅಳತೆ. ಹದಿನೆಂಟು ಟೂ ಟೂ ರೈಫಲ್‌ಗಳನ್ನು ವಿಲೇವಾರಿ ಮಾಡುವುದು. ಎಂದರೆ ಹೊಸಬರ ಬೆಳಗಿನ ತರಗತಿ ಮುಚ್ಚಿದಂತೆಯೇ. ಪುಟಾಣಿ ರೈಫಲ್ ಇಲ್ಲದೆ ಆ ತರಗತಿಯೇ ಇಲ್ಲ.

ಈ ಹದಿನೆಂಟರ ಮೇಲೆ ಅತ್ತೆಗೆ ಯಾಕಿಷ್ಟು ಮಮತೆ ಎಂದು ತಿಳಿಯಲು ಇಪ್ಪತ್ತಾರು ವರ್ಷ ಹಿಂದೆ ಹೋಗಬೇಕು. ಏಳನೇ ತರಗತಿಗೆ ಶಾಲೆ ಬಿಟ್ಟ ಅವರು ಇಲ್ಲಿಗೆ ಬಂದದ್ದು ನೆಲ ಗುಡಿಸಲು. ಗುಂಡು ಹಾರಿಸುವ ಹತ್ತು ಲೇನ್‌ಗಳಲ್ಲಿ ಬಿದ್ದ ಹಿತ್ತಾಳೆ ಕೇಸುಗಳನ್ನು ಬಗ್ಗಿ ಬಗ್ಗಿ ಆರಿಸಬೇಕು. ಡಬ್ಬಿಗಳ ಮೇಲಿನ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ಯಾವ ಕೇಸು ಯಾವುದರದ್ದೆಂದು ಬೆರಳಿಗೆ ಗೊತ್ತಾಗುತ್ತಿತ್ತು. ಕೆಲವೇ ತಿಂಗಳಲ್ಲಿ ಆಗಿನ ಉಗ್ರಾಣದವರು ನಿವೃತ್ತರಾಗುವಾಗ ಈ ಬೆರಳುಗಳನ್ನೇ ಶಿಫಾರಸು ಮಾಡಿದರು. ಹೆಂಗಸಿಗೆ ಮದ್ದಿನ ಕೋಣೆಯೇ ಎಂದು ಮೂಗು ಮುರಿದವರಿದ್ದರು. ಅಂಥವರಿಗೆ ಎರಡನೇ ವರ್ಷದಲ್ಲಿ ಅತ್ತೆ ತಾವಾಗಿಯೇ ಒಂದು ಅವಕಾಶ ಕೊಟ್ಟರು.

"ಅವಾಗ ಏಳು ಅರವತ್ತೆರಡರಲ್ಲೇ ಎರಡು ಜಾತಿ ಇತ್ತು, ಒಂದು ಗಿಡ್ಡ, ಒಂದು ಉದ್ದ. ಡಬ್ಬಿ ಮೇಲೆ ಅಂಕಿ ಒಂದೇ. ನಾನು ಉದ್ದದ ರೈಫಲ್ಲಿಗೆ ಗಿಡ್ಡದ ಡಬ್ಬಿ ಕೊಟ್ಟುಬಿಟ್ಟೆ. ಪುಣ್ಯ, ಹೊಡೆಯೋರು ಜಾಣರು. ಗುಂಡು ಒಳಗೆ ಗಡಗಡ ಅಂತಿದೆ, ಏನಿದು ಅಂತ ವಾಪಸ್ ತಂದ್ರು. ಹಾರಿಸಿದ್ದಿದ್ರೆ ಕೇಸು ಒಡೆದು ಮುಖಕ್ಕೆ ಬಡೀತಿತ್ತೋ ಏನೋ."

ಅಂದು ಮನೆಗೆ ಹೋಗಿ, ಬಡಗಿಯಾದ ಗಂಡನ ಕೈಯಲ್ಲಿ ಹಳೇ ಬಾಗಿಲಿನ ತುಂಡಿನಿಂದ ಒಂದು ಹಲಗೆ ಮಾಡಿಸಿದರು. ಅದರಲ್ಲಿ ಒಂದೊಂದು ಅಳತೆಗೆ ಒಂದೊಂದು ಕುಳಿ. ಅಂದಿನಿಂದ ಯಾವ ಡಬ್ಬಿಯೂ ಹಲಗೆ ದಾಟದೆ ಹೊರಗೆ ಹೋಗುವುದಿಲ್ಲ. ಡಬ್ಬಿಯಿಂದ ಒಂದು ಗುಂಡು ತೆಗೆದು ಕುಳಿಯಲ್ಲಿ ಕೂರಿಸಬೇಕು. ಗುರಿಕಾರರು ತಮ್ಮ ನಳಿಗೆಯ ಮೇಲೆ ಕೆತ್ತಿದ ಅಳತೆಯನ್ನು ಗಟ್ಟಿಯಾಗಿ ಓದಬೇಕು. ಪದಕ ಗೆದ್ದವರೂ ಓದಬೇಕು, ಗಂಟಲು ಕೆಟ್ಟವರೂ ಓದಬೇಕು. ದಿನಕ್ಕೆ ಎಂಟುನೂರು ಟೂ ಟೂ, ಉಳಿದ ಮೂರೂ ಸೇರಿ ಇನ್ನೂರು ಗುಂಡು ಹೊರಗೆ ಹೋಗುತ್ತವೆ. ಅಷ್ಟೇ ಖಾಲಿ ಕೇಸು ಒಳಗೆ ಬರಬೇಕು. ಇಪ್ಪತ್ತನಾಲ್ಕು ವರ್ಷದಲ್ಲಿ ಆ ತಪ್ಪು ಮರುಕಳಿಸಿಲ್ಲ.

ಹದಿನೆಂಟು ಟೂ ಟೂ ರೈಫಲ್‌ಗಳು ಬಂದದ್ದು ಆಮೇಲೆ. ಅವುಗಳ ಪೆಟ್ಟಿಗೆ ಒಡೆದವರು ಅತ್ತೆ, ಮೊದಲ ಎಣ್ಣೆ ಹಚ್ಚಿದವರೂ ಅತ್ತೆ. ಬೆಳಗಿನ ತರಗತಿಗೆ ಕಾಲೇಜು ಹುಡುಗಿಯರು, ಅಂಚೆಯವರು, ಬೇಕರಿಯವರು ಬರುತ್ತಾರೆ. ನಾಲ್ಕು ತಿಂಗಳಿಂದ ಒಬ್ಬ ದರ್ಜಿ ಹೆಂಗಸೂ ಬರುತ್ತಿದ್ದಾರೆ. "ಸೂಜಿಗೆ ದಾರ ಪೋಣಿಸೋವಾಗ ಉಸಿರು ಹಿಡೀತೀನಲ್ಲ, ಇಲ್ಲೂ ಅದೇ. ಇಲ್ಲಿಗೆ ಬಂದು ಹೋದ್ರೆ ದಿನವೆಲ್ಲಾ ಹೊಲಿಗೆ ನೇರ ಬರುತ್ತೆ" ಅನ್ನುತ್ತಾರೆ ಅವರು.

ಅಧ್ಯಕ್ಷರನ್ನೂ ಕಂಡೆ. ನಿವೃತ್ತ ಪ್ರಾಂಶುಪಾಲರು, ಭರ್ಜರಿ ಮೀಸೆ. ಮನುಷ್ಯ ಕೆಟ್ಟವರಲ್ಲ, ಮಾತಿನಲ್ಲೂ ತಿರುಳಿದೆ. "ದೊಡ್ಡ ಪಂದ್ಯ ನಡೆಯೋದು ಮುನ್ನೂರು ಮೀಟರಲ್ಲಿ. ಮೊದಲ ದಿನದಿಂದಲೇ ದೊಡ್ಡ ಗುಂಡು ಹೊಡೆದು ಕಲಿಯಲಿ. ಉಗ್ರಾಣದಲ್ಲಿ ಒಂದೇ ಅಳತೆ ಇದ್ರೆ ಅತ್ತೆ ಮಾಡಿದಂಥ ತಪ್ಪಿಗೂ ಜಾಗವಿರೋಲ್ಲ" ಎಂದರು.

ಈ ಮಾತನ್ನು ಹೋಗಿ ಅತ್ತೆಗೆ ಮುಟ್ಟಿಸಿದೆ. ಚಾಡಿ ಹೇಳುವುದು ನನ್ನ ವೃತ್ತಿಯ ಭಾಗ. ಅವರಿಗೆ ನೋವಾಯಿತು, ಮುಖದಲ್ಲೇ ಕಂಡಿತು. ಎಣ್ಣೆ ಬಟ್ಟೆಯನ್ನು ಮಡಿಸಿ ಮಡಿಸಿ ಇಟ್ಟರು. "ನಿಜಾನೇ, ನನಗೆ ಕೆಲಸ ಸುಲಭ ಆಗುತ್ತೆ. ಆದ್ರೆ ತಪ್ಪು ಎಲ್ಲಿಗೂ ಹೋಗಲ್ಲ. ನನ್ನ ಕೈಯಿಂದ ಹೋಗಿ ಕಲಿಯೋರ ಭುಜಕ್ಕೆ ಸೇರಿಕೊಳ್ಳುತ್ತೆ. ಹೊಸಬರಿಗೆ ಏಳು ಅರವತ್ತೆರಡು ಅಂದ್ರೆ ಮೂಗಿಗಿಂತ ಮೂಗುತಿ ಭಾರ. ಹೇಳಿದ್ರೆ ಅಧ್ಯಕ್ಷರಿಗೆ ಅರ್ಥ ಆಗಲ್ಲ. ತೋರಿಸಬೇಕು."

ಭಾನುವಾರ ಬೆಳಗ್ಗೆ ಏಳು ಗಂಟೆ. ಸಮಿತಿಯ ಏಳು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿದ್ದಾರೆ. ಅತ್ತೆ ಕೇಳಿಕೊಂಡಿರುವುದು ಬರೀ ಹದಿನೈದು ನಿಮಿಷ.

"ಸಾರ್, ತಾವೇ ಐದು ಗುಂಡು ಹೊಡೆದು ತೋರಿಸಬೇಕು. ಕೋಚ್ ಒಂದೊಂದಾಗಿ ತುಂಬಿ ಕೊಡ್ತಾರೆ. ತಾವು ಗುರಿ ಮಾತ್ರ ನೋಡಿ."

ಅಧ್ಯಕ್ಷರು ಮೀಸೆ ತೀಡಿಕೊಂಡು ಏಳು ಅರವತ್ತೆರಡರ ಹಿಂದೆ ಮಲಗುತ್ತಾರೆ. ನಳಿಗೆಯ ಮೇಲಿನ ಅಳತೆಯನ್ನು ಗಟ್ಟಿಯಾಗಿ ಓದುತ್ತಾರೆ, ಅತ್ತೆ ಬಿಡಬೇಕಲ್ಲ! ಮೊದಲ ಗುಂಡು ಢಂ. ನಾನು ಕುರ್ಚಿಯಿಂದ ಒಂದು ಗೇಣು ಮೇಲೆದ್ದು ಕೂರುತ್ತೇನೆ. ಎರಡನೆಯದೂ ಢಂ. ಮೂರನೆಯದಕ್ಕೆ ಅಧ್ಯಕ್ಷರು ಟ್ರಿಗರ್ ಎಳೆಯುತ್ತಾರೆ: ಟಕ್. ಸದ್ದಿಲ್ಲ, ಹೊಗೆಯಿಲ್ಲ. ಆದರೂ ನಳಿಗೆ ದಡಕ್ಕನೆ ನೆಲದತ್ತ ಬಾಗುತ್ತದೆ, ಭುಜ ಹಿಂದಕ್ಕೆ ಜಿಗಿಯುತ್ತದೆ, ಎರಡು ಕಣ್ಣೂ ಗಟ್ಟಿಯಾಗಿ ಮುಚ್ಚಿವೆ, ಮುಖ ಹರಳೆಣ್ಣೆ ಕುಡಿದಂತೆ ಹಿಂಡಿಕೊಂಡಿದೆ. ಬಾರದ ಒದೆಗೆ ಅವರು ಆಗಲೇ ಹೆದರಿ ಮುಗಿಸಿದ್ದಾರೆ.

"ರೈಫಲ್ ಕೆಟ್ಟಿದೆ" ಅನ್ನುತ್ತಾರೆ ಅಧ್ಯಕ್ಷರು. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

"ರೈಫಲ್ ಸರಿಯಾಗೇ ಇದೆ ಸಾರ್. ಒಳಗಿದ್ದದ್ದು ಡಮ್ಮಿ" ಎನ್ನುತ್ತಾರೆ ಅತ್ತೆ. ಮದ್ದಿಲ್ಲದ, ಪಕ್ಕದಲ್ಲಿ ತೂತು ಕೊರೆದು ಕೆಂಪು ಬಣ್ಣ ಹಚ್ಚಿದ ಸುಳ್ಳು ಗುಂಡು ಅದು. ಕೋಚ್ ಅದನ್ನು ಹೊರತೆಗೆದು ಎಲ್ಲರಿಗೂ ತೋರಿಸುತ್ತಾರೆ. "ಈ ಬೆಚ್ಚೋ ಚಾಳಿ ದೊಡ್ಡ ಗುಂಡಿನಿಂದ ಶುರು ಮಾಡಿದೋರಿಗೆಲ್ಲಾ ಅಂಟಿಕೊಳ್ಳುತ್ತೆ. ಸದ್ದಿನಲ್ಲಿ ಯಾರಿಗೂ ಕಾಣಲ್ಲ, ಗುರಿ ಮಾತ್ರ ತಪ್ಪುತ್ತೆ. ಆಮೇಲೆ ಬಿಡಿಸೋದು ಭಾರೀ ಕಷ್ಟ" ಎಂದು ಅತ್ತೆ ಮಾತು ಮುಂದುವರಿಸುತ್ತಾರೆ.

ಈಗ ದರ್ಜಿಯ ಸರದಿ. ನಾಲ್ಕು ತಿಂಗಳು ಟೂ ಟೂ ಬಿಟ್ಟು ಬೇರೇನೂ ಮುಟ್ಟದ ಅವರು ಅದೇ ದೊಡ್ಡ ರೈಫಲ್ ಹಿಂದೆ ಮಲಗುತ್ತಾರೆ. ಕೋಚ್ ಒಂದು ನಿಜವಾದ ಗುಂಡು ಕೊಡುತ್ತಾರೆ, ಢಂ. ಒದೆಗೆ ಅವರ ಇಡೀ ಮೈ ಅಲುಗುತ್ತದೆ. ಎರಡನೆಯದು ಡಮ್ಮಿ. ಟಕ್. ನಳಿಗೆ ಕೂದಲೆಳೆಯಷ್ಟೂ ಕದಲುವುದಿಲ್ಲ. ಕಣ್ಣು ತೆರೆದೇ ಇದೆ.

ಮೊದಲು ನಕ್ಕವರು ಅಧ್ಯಕ್ಷರೇ. ಆಮೇಲೆ ಎಲ್ಲರೂ. ಕೈ ಎತ್ತಿಸಿದಾಗ ಏಳಕ್ಕೆ ಏಳೂ ಕೈ ಪುಟಾಣಿ ರೈಫಲ್‌ಗಳ ಪರ. ಹದಿನೆಂಟೂ ಉಳಿದವು, ಬೆಳಗಿನ ತರಗತಿಯೂ ಉಳಿಯಿತು.

ಹನ್ನೊಂದು ಗಂಟೆಗೆ ಲೆಕ್ಕ ಮುಗಿಸಿ ಬೀಗ ಹಾಕಬೇಕು. ಕೋಚ್ ಕೀಲಿ ಹಿಡಿದು ನಿಂತಿದ್ದಾರೆ. ಅತ್ತೆ ಮಾತ್ರ ಕದಲುತ್ತಿಲ್ಲ. ಮೂರು ಡಮ್ಮಿ ಹೊರಗೆ ಹೋಗಿದ್ದವು, ಎರಡೇ ಬಂದಿವೆ.

"ಬರೀ ಡಮ್ಮಿ ತಾನೇ ಅತ್ತೆ, ಮದ್ದೂ ಇಲ್ಲ ಮಣ್ಣೂ ಇಲ್ಲ. ನಾಳೆ ಹುಡುಕಿದ್ರಾಯ್ತು" ಎಂದು ಕೋಚ್ ಗೋಗರೆಯುತ್ತಾರೆ.

"ಹೋದದ್ದು ಬರಬೇಕು." ಅಷ್ಟೇ ಉತ್ತರ.

ಲೇನ್‌ಗಳನ್ನು ಗುಡಿಸಿದ್ದಾಯಿತು, ಚಾಪೆ ಕೊಡವಿದ್ದಾಯಿತು, ನನ್ನ ಜೋಳಿಗೆಯ ತಪಾಸಣೆಯೂ ಆಯಿತು. ಹನ್ನೆರಡಕ್ಕೆ ಅಧ್ಯಕ್ಷರ ಕಾರು ವಾಪಸ್ ಬರುತ್ತದೆ. ಅವರು ಇಳಿದು ಬಂದು, ಕಿಸೆಯಿಂದ ಕೆಂಪು ಬಣ್ಣದ ಗುಂಡು ತೆಗೆದು ಮೇಜಿನ ಮೇಲಿಡುತ್ತಾರೆ. ತಪ್ಪು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಯ ಮುಖ.

"ಗೊತ್ತಿದ್ದೇ ತಗೊಂಡು ಹೋಗಿದ್ದೆ ಅತ್ತೆ. ನಾನು ಮೂವತ್ತು ವರ್ಷದಿಂದ ಹೊಡೀತಿದ್ದೀನಿ, ಕಣ್ಣು ಮುಚ್ಚುತ್ತೀನಿ ಅಂತ ಯಾರೂ ಹೇಳಿರ್ಲಿಲ್ಲ. ಇದನ್ನ ನನ್ನ ಮೇಜಿನ ಮೇಲೆ ಇಟ್ಕೊಳ್ಳಲಾ?"

ಅತ್ತೆ ಗುಂಡನ್ನು ಹಲಗೆಯ ಕುಳಿಯಲ್ಲಿ ಕೂರಿಸಿ ನೋಡುತ್ತಾರೆ. ಸರಿಯಾಗಿ ಕೂರುತ್ತದೆ. ನಂತರ ಉಗ್ರಾಣದ ಲೆಕ್ಕದ ಪುಸ್ತಕವನ್ನು ಅವರತ್ತ ತಿರುಗಿಸುತ್ತಾರೆ.

"ಇಟ್ಕೊಳ್ಳಿ ಸಾರ್, ಸಹಿ ಮಾಡಿ. ವಾಪಸ್ ಕೊಡೋ ದಿನಾನೂ ಬರೀಬೇಕು."

"ಯಾವ ದಿನ ಅಂತ ಬರೀಲಿ?"

"ಕಣ್ಣು ತೆರೆದು ಹೊಡೆದ ದಿನ ಅಂತ ಬರೀರಿ. ನಾಳೆ ಆರು ಗಂಟೆಗೆ ಬನ್ನಿ, ಹದಿನೆಂಟರಲ್ಲಿ ಒಂದು ಎಣ್ಣೆ ಹಚ್ಚಿ ಇಟ್ಟಿರ್ತೀನಿ. ದರ್ಜಿಯಮ್ಮನ ಪಕ್ಕದ ಲೇನ್ ಖಾಲಿ ಇದೆ."

ಅಧ್ಯಕ್ಷರು ಕನ್ನಡಕ ಏರಿಸಿಕೊಂಡು, ಅತ್ತೆ ಹೇಳಿದ್ದನ್ನೇ ದುಂಡಗೆ ಬರೆದು ಸಹಿ ಮಾಡುತ್ತಾರೆ. ಅತ್ತೆ ಒಂದು ಸಲ ಓದಿ, ಮಸಿ ಆರುವವರೆಗೆ ಊದಿ, ಪುಸ್ತಕ ಮುಚ್ಚುತ್ತಾರೆ.

"ಈಗ ಲೆಕ್ಕ ಸರಿಹೋಯ್ತು" ಎನ್ನುತ್ತ ಕೊರಳಿನ ದಾರದಿಂದ ಕೀಲಿ ತೆಗೆಯುತ್ತಾರೆ.